ಎಂಟು ಗಂಟೆಯ ರಾಜ್ಯಶಾಸ್ತ್ರ

ಕಾಲೇಜಿನ ಗುಮಾಸ್ತೆ ಚೆನ್ನಬಸಮ್ಮನಿಗೆ ಮೂವತ್ತೆಂಟನೆಯ ವಯಸ್ಸಿನಲ್ಲಿ ಬಿ.ಎ. ಓದುವ ಹಟ ಹತ್ತಿತು. ತಾನು ಕೆಲಸ ಮಾಡುವ ಕಾಲೇಜಿಗೇ ಅರ್ಜಿ ಹಾಕಿದಳು. ಪ್ರಿನ್ಸಿಪಾಲ ಹಿರೇಗೌಡರು ಕನ್ನಡಕದ ಮೇಲಿಂದ ನೋಡಿ ನಕ್ಕರು.

"ಓದವ್ವಾ, ಬ್ಯಾಡ ಅನ್ನಂಗಿಲ್ಲ. ಆದ್ರ ಹತ್ತರಿಂದ ಐದು ಆಫೀಸು, ಒಂದು ನಿಮಿಷ ತಪ್ಪಂಗಿಲ್ಲ. ಕ್ಲಾಸೂ ತಪ್ಪಂಗಿಲ್ಲ. ತಪ್ಪಿದ್ರ ಹೆಸರು ತೆಗೀತೀನಿ."

ಅಷ್ಟನ್ನೂ ಬರೆದು ಸಹಿ ಹಾಕಿದರು.

ಆದರೆ ಕಾಲೇಜಿನ ವೇಳಾಪಟ್ಟಿ ಹಾಕುವುದು ಪ್ರತಿ ವರ್ಷವೂ ಚೆನ್ನಬಸಮ್ಮನ ಕೆಲಸ. ತನ್ನ ನಾಲ್ಕೂ ವಿಷಯಗಳನ್ನು ಅವಳು ದಿನಕ್ಕೆರಡರಂತೆ ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಕೂರಿಸಿಬಿಟ್ಟಳು. ಮೇಷ್ಟ್ರುಗಳು ಗೊಣಗಿದರು. "ಸಾಹೇಬ್ರ ಆರ್ಡರ್ ಐತ್ರಿ," ಎಂದು ಕಾಗದ ತೋರಿಸಿದಳು.

ಮರುದಿನ ಹಿರೇಗೌಡರೇ ಪಟ್ಟಿ ಹಿಡಿದು ಬಂದರು. ರಾಜ್ಯಶಾಸ್ತ್ರ ಅವರ ಪಾಠ. ಹನ್ನೊಂದಕ್ಕೆ ಮೊದಲು ಕಾಲೇಜಿನ ಗೇಟು ಕಂಡವರಲ್ಲ ಅವರು.

"ಏನವ್ವಾ, ನನ್ನ ಪಾಠ ಎಂಟಕ್ಕ?"

"ಹತ್ತಕ್ಕ ನನ್ನ ಆಫೀಸು ಶುರು ಆಗ್ತದಲ್ರಿ ಸರ್. ನೀವ ಬರದೀರಿ."

"ನಂದೊಂದು ಮೂರಕ್ಕ ಹಾಕು."

"ಮೂರಕ್ಕ ಕುರ್ಚಿ ಬಿಟ್ಟು ಎದ್ದರ ನನ್ನ ಹೆಸರು ಹೋಗ್ತದ್ರಿ."

ಹಿರೇಗೌಡರು ಬೆಳಗಿನ ನಿದ್ದೆಯನ್ನೂ ತಮ್ಮ ಆರ್ಡರನ್ನೂ ಮನಸ್ಸಿನಲ್ಲೇ ತೂಗಿದರು. ನಿದ್ದೆಯೇ ಹೆಚ್ಚು ತೂಗಿತು. ರಾಜ್ಯಶಾಸ್ತ್ರದ ಪಾಠಕ್ಕೆ ಆಫೀಸಿನಿಂದ ಎದ್ದು ಹೋಗಬಹುದೆಂದು ಬರೆದುಕೊಟ್ಟರು.

ಸಂಜೆಯೊಳಗೆ ಉಳಿದ ಮೂವರು ಮೇಷ್ಟ್ರುಗಳು ಅವರ ಕೋಣೆಯಲ್ಲಿ ಸಾಲಾಗಿ ನಿಂತಿದ್ದರು.

"ನಿಮಗೊಂದು ನಮಗೊಂದು ಏನ್ರಿ ಸರ್? ನಮ್ಮ ಪಾಠಕ್ಕೂ ಬಿಡ್ರಿ ಆಕೀನ."

ಹಿರೇಗೌಡರು ಸುಸ್ತಾಗಿ ಚೆನ್ನಬಸಮ್ಮನನ್ನು ಕರೆದರು. ಅವಳು ಇನ್ನೂ ಮೂರು ಅನುಮತಿ ಪತ್ರಗಳನ್ನು ಟೈಪು ಮಾಡಿಕೊಂಡೇ ಬಂದಿದ್ದಳು. ಸಹಿಯಷ್ಟೇ ಬಾಕಿ ಇತ್ತು.