ಬ್ರೌಸರ್ ಮತ್ತು ಅದರ ಮೂವರು ಸಹಾಯಕರು

ಹುಡುಕಾಟ ಚೊಕ್ಕವಾಗಲಿ ಎಂದು ಬ್ರೌಸರೊಂದು ಆಡ್-ಆನ್ ಎಂಬ ಮೂರು ಸಹಾಯಕ ತಂತ್ರಾಂಶಗಳನ್ನು ಸೇರಿಸಿಕೊಂಡಿತು. ಒಂದು ದಿನ ಒಡತಿ ಗಿರಿಜಕ್ಕ ಗಾಬರಿಯಿಂದ, "ಬೆಕ್ಕು ಅಂಗಿಯ ಗುಂಡಿ ನುಂಗಿದೆ, ಏನು ಮಾಡಲಿ?" ಎಂದು ಟೈಪ್ ಮಾಡಿದರು. ನಲವತ್ತು ಉತ್ತರ ಬಂದವು.

"ಇವುಗಳಲ್ಲಿ ಜಾಹೀರಾತಿದೆ" ಎಂದು ಮೊದಲನೆಯ ಆಡ್-ಆನ್ ಮೂವತ್ತನ್ನು ಅಳಿಸಿತು. ಎರಡನೆಯದು, ಹೇಳಿದ್ದನ್ನೇ ಹೇಳುತ್ತವೆಂದು ಒಂಬತ್ತನ್ನು ತೆಗೆಯಿತು. ಉಳಿದದ್ದು ಪಶುವೈದ್ಯರೊಬ್ಬರ ಸಲಹೆ.

"ಇದು ಹೋದ ವರ್ಷದ್ದು" ಎಂದು ಮೂರನೆಯದು ಅದನ್ನೂ ಒರೆಸಿತು.

"ಇಷ್ಟು ಶುದ್ಧವಾದ ಪುಟವನ್ನು ನಾನು ಎಂದೂ ತೋರಿಸಿರಲಿಲ್ಲ" ಎಂದು ಬ್ರೌಸರ್ ಬೀಗಿತು.

"ನೋಡಲು ಗಿರಿಜಕ್ಕನೇ ಇಲ್ಲ," ಎಂದಿತು ಕೀಬೋರ್ಡ್. "ಬೆಕ್ಕನ್ನು ಎತ್ತಿಕೊಂಡು ಪಕ್ಕದ ಮನೆಯವರನ್ನು ಕೇಳಲು ಹೋದರು."

"ಪಕ್ಕದ ಮನೆಯವರ ಮಾತಿಗೆ ಆಧಾರವೇನು?" ಎಂದು ಮೂರೂ ಒಟ್ಟಿಗೆ ಕೇಳಿದವು.

"ಏನೂ ಇಲ್ಲ. ಆದರೆ ಕರೆದರೆ ಬಾಗಿಲು ತೆರೆಯುತ್ತಾರೆ."