ಖಾಲಿ ಇಲ್ಲದ ಕೋಣೆ

ಕಾಳಿ ನದಿಯ ದಡದ ಆಶ್ರಮಕ್ಕೆ ಮಂಗಲಾ ಓಡೋಡಿ ಬಂದಳು.

"ಅಜ್ಜಾ, ಪೇಟೆಯಲ್ಲಿ ನಮ್ಮ ಸಿದ್ದಿ ಹುಡುಗಿಯರೆಲ್ಲ ರಸ್ತೆಯಲ್ಲೇ ಕೂತಿದ್ದಾರೆ! ಡಮಾಮಿ ಬಾರಿಸುತ್ತಿದ್ದಾರೆ! ಏನು ಜನ ಅಂತೀರಿ!"

ಇನಾಸಜ್ಜ ಅವಳ ಗುರು. ಸಿದ್ದಿಗಳ ಕಪ್ಪು ಮೈ, ಗುಂಗುರು ಕೂದಲು ಕಂಡರೆ ಹೋಟೆಲಿನವರು ಬಾಗಿಲಾಚೆಯೇ ಚಹಾ ಕೊಡುತ್ತಿದ್ದ ಕಾಲದಲ್ಲಿ, ಗೆಳೆಯರೊಡನೆ ಒಳಗೆ ಹೋಗಿ ಬೆಂಚಿನ ಮೇಲೆ ಕೂತವರು. ಆ ಸುದ್ದಿ ಕೇಳಿಯೇ ಮಂಗಲಾ ಅವರನ್ನು ಹುಡುಕಿಕೊಂಡು ಬಂದಿದ್ದಳು.

"ಯಾತಕ್ಕೆ ಕೂತಿರಿ?"

"ಬಾಡಿಗೆ ಕೋಣೆಗೆ. ಫೋನಿನಲ್ಲಿ ಕೇಳಿದರೆ ಇದೆ ಅಂತಾರೆ. ಹೋಗಿ ನಿಂತರೆ ಮುಖ ನೋಡಿ ನಗುತ್ತಾರೆ. ಈಗಷ್ಟೇ ಹೋಯಿತು ಅಂತಾರೆ."

ಹಿರಿಯ ಶಿಷ್ಯ ಸುಬ್ರಾಯ ಒಲೆಯ ಮುಂದಿನಿಂದ ತಲೆಯೆತ್ತಿದ.

"ಅದಕ್ಕೆ ರಸ್ತೆ ತಡೆಯುವುದೇ? ಹೋರಾಟ ಅಂದರೆ ಗುರುಗಳದು. ಕೈಕಟ್ಟಿ ಕೂತರು, ಸದ್ದಿಲ್ಲದೆ ಗೆದ್ದರು. ನಿಮ್ಮದು ಬರೀ ಗಲಾಟೆ."

ಮಂಗಲಾಳ ಮುಖ ಇಳಿದುಹೋಯಿತು. ಬೆಳಿಗ್ಗೆಯಿಂದ ದಾರಿಹೋಕರು ಬೈದದ್ದು ಅವಳಿಗೆ ನಾಟಿರಲಿಲ್ಲ. ಇದು ನಾಟಿತು.

ಇನಾಸಜ್ಜ ಜೋರಾಗಿ ನಕ್ಕರು.

"ಸದ್ದಿಲ್ಲದೆಯೇ? ನಾನು ಮೇಜು ಗುದ್ದಿ ಚಹಾ ಕೇಳಿದ್ದೆ. ಲೋಟ ಉರುಳಿ ಹೋಟೆಲಿನ ಸಾಹುಕಾರರ ಪಂಚೆ ಒದ್ದೆಯಾಯಿತು."

ಸುಬ್ರಾಯ ಸೌಟು ಹಿಡಿದು ಹಾಗೇ ನಿಂತ.

"ಊರೆಲ್ಲ ನಮ್ಮನ್ನು ಪುಂಡರು ಅಂತು. ನನ್ನಪ್ಪನೇ ಬಂದು ಕಿವಿ ಹಿಡಿದೆಳೆದ. 'ನಾವೆಲ್ಲ ಹೊರಗೆ ನಿಂತು ಕುಡಿದವರಲ್ಲವೇ, ನಮಗೇನಾಗಿದೆ?' ಅಂದ."

"ಮತ್ತೆ ಎಲ್ಲರೂ ನಿಮ್ಮನ್ನು ಶಾಂತಮೂರ್ತಿ ಅಂತಾರಲ್ಲ, ಅಜ್ಜಾ?"

"ಅದು ಗೆದ್ದ ಮೇಲೆ."

ಮಂಗಲಾಳಿಗೆ ಉಸಿರು ಮರಳಿ ಬಂತು. ತಡೆಯಲಾರದೆ ಕೇಳಿಯೇಬಿಟ್ಟಳು.

"ಹಾಗಾದರೆ ಯಾವುದು ದೊಡ್ಡದು? ನಿಮ್ಮದೋ, ನಮ್ಮದೋ?"

ಅಜ್ಜ ಗೋಡೆ ಹಿಡಿದು ಎದ್ದರು. ಚಪ್ಪಲಿ ಮೆಟ್ಟಿದರು. ಅವಳ ಹೆಗಲಿಗೆ ಕೈಯಿಟ್ಟು ಅಂಗಳಕ್ಕೆ ಇಳಿದರು.

ಸುಬ್ರಾಯ ಗಾಬರಿಯಿಂದ ಹಿಂದೆಯೇ ಬಂದ.

"ಗುರುಗಳೇ, ಈ ಬಿಸಿಲಲ್ಲಿ! ನಿಮ್ಮ ಪಾಲಿನದು ನೀವು ಮುಗಿಸಿದ್ದೀರಿ. ಇದು ಹುಡುಗರ ಕೆಲಸ."

ಇನಾಸಜ್ಜ ಬೇಲಿಯ ಬಾಗಿಲ ಬಳಿ ತಿರುಗಿ ನೋಡಿದರು.

"ಅವತ್ತು ನಮ್ಮ ಪಕ್ಕ ಕೂರಲು ಒಬ್ಬ ಮುದುಕನೂ ಬಂದಿರಲಿಲ್ಲ, ಸುಬ್ರಾಯ."