ಸೊನ್ನೆಗಿಂತ ಹನ್ನೆರಡು ಹಕ್ಕಿ ಕಡಿಮೆ

“ಗುರುಗಳೇ, ಬೆಳಿಗ್ಗೆ ಗಂಜಿ ಸೀದುಹೋಯಿತೆಂದು ಅಡುಗೆಯ ದೇಜಪ್ಪನ ಕೆನ್ನೆಗೆ ಒಂದು ಬಾರಿಸಿದೆ. ಮಧ್ಯಾಹ್ನ ದಾರಿಹೋಕನೊಬ್ಬನಿಗೆ ನನ್ನ ಪಾಲಿನ ಊಟವನ್ನೇ ಕೊಟ್ಟೆ. ಒಂದು ಪಾಪ, ಒಂದು ಪುಣ್ಯ. ಕೂಡಿ ಕಳೆದರೆ ಸೊನ್ನೆ. ಅಲ್ಲಿಗೆ ಎರಡೂ ಸರಿಹೋದಂತೆ ಅಲ್ಲವೇ?” ಎಂದು ಶಿಷ್ಯ ನೇಮಯ್ಯ ಕೇಳಿದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಕಡಲ ತೀರದ ಒಂದು ಊರಿನಲ್ಲಿ ಗುಡ್ಡದ ತುದಿಗೆ ಮರದ ಅಟ್ಟಣಿಗೆಯೊಂದಿತ್ತು. ಪ್ರತಿ ವಸಂತದಲ್ಲೂ ಕಡಲಹಕ್ಕಿಗಳು ದಕ್ಷಿಣದಿಂದ ಉತ್ತರಕ್ಕೆ ವಲಸೆ ಹೋಗುವಾಗ ಆ ಅಟ್ಟಣಿಗೆಯ ಮೇಲೆಯೇ ಹಾದುಹೋಗುತ್ತಿದ್ದವು. ಅವನ್ನು ಎಣಿಸಲೆಂದು ದೊರೆ ಒಬ್ಬ ಎಣಿಕೆಗಾರನನ್ನು ಇಟ್ಟಿದ್ದ. ಯುಗಾದಿಯಿಂದ ಒಂದು ತಿಂಗಳು ಎಣಿಕೆ. ಎದುರುಗಾಳಿ ಬೀಸಿದರೆ ಹೋದ ಹಕ್ಕಿಗಳು ಹಿಂದಿರುಗಿ, ಗಾಳಿ ತಗ್ಗಿದ ಮೇಲೆ ಮತ್ತೆ ಹೊರಡುತ್ತಿದ್ದವು. ಒಂದೇ ಹಕ್ಕಿಯನ್ನು ಎರಡು ಸಲ ಎಣಿಸಬಾರದೆಂದು ಒಂದು ನಿಯಮವಿತ್ತು: ಉತ್ತರಕ್ಕೆ ಹೋದರೆ ಒಂದು ಕೂಡು, ದಕ್ಷಿಣಕ್ಕೆ ಮರಳಿದರೆ ಒಂದು ಕಳೆ.

ಎಣಿಕೆಗಾರ ಮೂವತ್ತು ವರ್ಷ ಹೀಗೆ ಕೂಡಿದ್ದ, ಕಳೆದಿದ್ದ. ಆ ಹಕ್ಕಿಗಳೆಂದರೆ ಅವನಿಗೆ ಪ್ರಾಣ. ಹೆಂಡತಿಯ ತವರೂರಿನ ಹೆಸರು ಮರೆತರೂ ಹೋದ ವರ್ಷದ ಎಣಿಕೆಯನ್ನು ಅವನು ಮರೆಯುತ್ತಿರಲಿಲ್ಲ.

ಆ ವರ್ಷ ಹೊಸ ಅಧಿಕಾರಿಯೊಬ್ಬ ಬಂದ. ಅವನ ಕಣ್ಣಿಗೆ ಅಟ್ಟಣಿಗೆ ಬರೀ ಸೌದೆಯಾಗಿ ಕಂಡಿತು. “ಈ ಸಲ ಹಕ್ಕಿ ಬಾರದಿದ್ದರೆ ಇದನ್ನು ಕಡಿಸಿ ಒಲೆಗೆ ಹಾಕಿಸುತ್ತೇನೆ” ಎಂದ. ಎಣಿಕೆಗಾರ ಒಳಗೊಳಗೇ ನಕ್ಕ. ಹಕ್ಕಿಗಳು ಬಾರದೆ ಇರುವುದುಂಟೇ?

ಹಕ್ಕಿಗಳು ಬಂದವು. ಕೊನೆಯ ದಿನದ ಹಿಂದಿನ ಸಂಜೆಗೆ ಎಣಿಕೆ ಎರಡು ಸಾವಿರದ ನಾನೂರು ಆಗಿತ್ತು. ಅವನು ನೆಮ್ಮದಿಯಿಂದ ಮಲಗಿದ.

ಮರುದಿನ ಬೆಳಗಾಗುತ್ತಲೇ ಉತ್ತರದಿಂದ ಗಾಳಿ ಎದ್ದಿತು. ಆ ವರ್ಷ ಪಕ್ಕದ ಕೊಲ್ಲಿಯಲ್ಲಿ ಮೀನು ಹೇರಳವಾಗಿತ್ತೋ ಏನೋ, ಹೋದ ಹಕ್ಕಿಗಳು ದೂರ ಹೋಗಿರಲಿಲ್ಲ. ಹಿಂಡು ಹಿಂಡಾಗಿ ಮರಳಿದವು. ಅವನು ಕಳೆದ. ಮತ್ತೆ ಕಳೆದ. ಅಳುತ್ತ ಕಳೆದ. ಮಧ್ಯಾಹ್ನದ ಹೊತ್ತಿಗೆ ಸೊನ್ನೆಗೆ ಬಂದು ನಿಂತಿತು. ಅಷ್ಟರಲ್ಲಿ ಇನ್ನೂ ಹನ್ನೆರಡು ಬಂದವು, ಎಲ್ಲಿಯವೋ ಏನೋ. ಈಗ ಸೊನ್ನೆಗಿಂತ ಹನ್ನೆರಡು ಕಡಿಮೆ.

ಒಂದೂ ಹಕ್ಕಿ ಇಲ್ಲದಿರುವುದು ಅವನಿಗೆ ಅರ್ಥವಾಗುತ್ತಿತ್ತು. ಅದಕ್ಕಿಂತಲೂ ಹನ್ನೆರಡು ಕಡಿಮೆ ಎಂದರೆ ಆಕಾಶ ಹೇಗಿರಬೇಕೆಂದು ತಿಳಿಯದೆ ತಲೆಯ ಮೇಲೆ ಕೈಹೊತ್ತು ಕುಳಿತ. ಆಮೇಲೆ ಎದ್ದು, ಹೆಗಲ ಮೇಲಿನ ಶಾಲು ಬೀಸುತ್ತ, “ತಿರುಗಿ ಹೋಗಿ, ನಿಮ್ಮ ದಮ್ಮಯ್ಯ!” ಎಂದು ಕೂಗಿದ. ಹನ್ನೆರಡು ಹಕ್ಕಿಗಳು, ಕನಿಕರಕ್ಕೋ ಹೆದರಿಕೆಗೋ, ಉತ್ತರಕ್ಕೆ ತಿರುಗಿದವು. ಲೆಕ್ಕ ಮತ್ತೆ ಸೊನ್ನೆಗೆ ಬಂತು.

ಸಂಜೆ ಅಧಿಕಾರಿ ಕೊಡಲಿಯವರನ್ನು ಕರೆದುಕೊಂಡೇ ಬಂದ. ಎಣಿಕೆಯ ಓಲೆ ನೋಡಿದ. “ಸೊನ್ನೆ. ಅಂದರೆ ಈ ವರ್ಷ ಇಲ್ಲಿ ಹಕ್ಕಿಗಳೇ ಹಾರಲಿಲ್ಲ. ಕಡಿಯಿರಿ” ಎಂದ.

ಎಣಿಕೆಗಾರ ತನ್ನ ರುಮಾಲು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದುಕೊಂಡು ಮುಂದೆ ಬಂದ. ತಿಂಗಳಿಡೀ ಅಟ್ಟಣಿಗೆಯಲ್ಲಿ ತಲೆಗೆ ಸುತ್ತಿದ್ದ ರುಮಾಲು ಅದು. ಹೋಗುವಾಗ ಹಕ್ಕಿಗಳು ಅದರ ಮೇಲೆ ಹಿಕ್ಕೆ ಹಾಕಿದ್ದವು. ಬರುವಾಗಲೂ ಹಾಕಿದ್ದವು.

“ಒಡೆಯಾ, ಹಕ್ಕಿಗಳೇ ಹಾರಲಿಲ್ಲವೆಂದ ಮೇಲೆ ಇದು ಮಡಿಬಟ್ಟೆ. ತಾವೊಮ್ಮೆ ತಲೆಗೆ ಸುತ್ತಿಕೊಳ್ಳಬೇಕು” ಎಂದ.

ಅಧಿಕಾರಿ ಮೂಗು ಮುಚ್ಚಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದ. ಕೊಡಲಿಯವರು ಕೊಡಲಿ ಕೆಳಗಿಟ್ಟು ನಕ್ಕರು. ಅಟ್ಟಣಿಗೆ ಉಳಿಯಿತು.

ನೇಮಯ್ಯನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ನಗು ಮುಗಿಯುವವರೆಗೆ ಗುರುಗಳು ಕಾದರು.

“ಇನ್ನು ನೀನು ಹೋಗಿ ನಿನ್ನ ಸೊನ್ನೆಯನ್ನು ದೇಜಪ್ಪನ ಕೆನ್ನೆಗೆ ಹೇಳಿ ಬಾ” ಎಂದರು.